ಹಗ್ಗ ಬಿಚ್ಚಿದರೆ ಕೆಂಟಕಿ

ಹ್ಯಾಡ್ಲಿ ಬೆಂಡ್ ಊರಿನ ಮಕ್ಕಳು ಅಪ್ಪ ಅಮ್ಮ ಅನ್ನಲು ಕಲಿತ ಮರುದಿನವೇ ಇನ್ನೊಂದು ಮಾತು ಕಲಿಯುತ್ತಿದ್ದವು: ಹಗ್ಗ ಬಿಚ್ಚಿದರೆ ಕೆಂಟಕಿ. ಊರು ಇಂಡಿಯಾನಾ ರಾಜ್ಯದ್ದು. ಊರಿನ ಕಾಲಡಿಯಲ್ಲೇ ಹರಿಯುವ ಒಹಾಯೊ ನದಿ ಮಾತ್ರ ಪೂರ್ತಿಯಾಗಿ ಆಚೆ ದಡದ ಕೆಂಟಕಿ ರಾಜ್ಯಕ್ಕೆ ಸೇರಿದ್ದು. ಯಾವ ಕಾಲದಲ್ಲೋ ಯಾರೋ ದೊಡ್ಡ ಮನುಷ್ಯರು ಹಾಗೆ ಬರೆದಿಟ್ಟು ಹೋಗಿದ್ದರು. ಬೇಸಿಗೆಯಲ್ಲಿ ನೀರು ಇಳಿದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಊರು ಮುಗಿಯಿತು, ಊರಿನ ಕಟ್ಟಳೆ ಮುಗಿಯಿತು, ಮೇಯರನ ದೌಲತ್ತೂ ಮುಗಿಯಿತು. ಭಾನುವಾರ ಕುಡಿಯಬಾರದೆಂಬ ಕಟ್ಟಳೆ ಇದ್ದ ಆ ಊರಿನಲ್ಲಿ ಭಾನುವಾರ ಬಂತೆಂದರೆ ಗಂಡಸರಿಗೆಲ್ಲ ಮೀನು ಹಿಡಿಯುವ ಹುಚ್ಚು ಹತ್ತುತ್ತಿದ್ದುದು ಇದಕ್ಕೇ. ದೋಣಿ ಹತ್ತುವುದು, ಹಗ್ಗ ಬಿಚ್ಚುವುದು, ನಾಲ್ಕು ಮಾರು ಆಚೆ ಹೋಗಿ ಲಂಗರು ಹಾಕಿ ಬಾಟಲಿ ತೆಗೆಯುವುದು. ದಡದ ಮೇಲಿನ ಪೇದೆ ಬಾಯಿ ಚಪ್ಪರಿಸುತ್ತಾ ನೋಡಬೇಕು, ಅಷ್ಟೆ. ಗುಲಾಮಗಿರಿಯನ್ನು ಕೊನೆಗಾಣಿಸಿದ ಯುದ್ಧಕ್ಕೆ ಮೊದಲು ಅದೇ ಗೆರೆಯನ್ನು ಕೆಂಟಕಿಯ ಗುಲಾಮರು ಆಚೆಯಿಂದ ಈಚೆಗೆ ಉಸಿರು ಬಿಗಿಹಿಡಿದು ದಾಟುತ್ತಿದ್ದರು. ಅವರಿಗೆ ಅದು ನಗುವ ಮಾತಾಗಿರಲಿಲ್ಲ.

ಇಂಥ ಊರಿಗೆ ಹೈರಮ್ ಟಾಲ್ಬಟ್ ಮೇಯರ್. ಕಸುಬು ಪೀಪಾಯಿ ಮಾಡಿಸುವುದು. ದಕ್ಷಿಣಕ್ಕೆ ಹೋಗುವ ಉಪ್ಪು ಹಾಕಿದ ಹಂದಿಮಾಂಸವೆಲ್ಲ ಅವನ ಪೀಪಾಯಿಗಳಲ್ಲೇ ಹೋಗುತ್ತಿತ್ತು. ಆದರೆ ಅವನ ಜೀವವೆಲ್ಲ ಕುರ್ಚಿಯಲ್ಲಿತ್ತು. ಪ್ರತಿ ಏಪ್ರಿಲ್‌ನಲ್ಲೂ ಚುನಾವಣೆ, ಪ್ರತಿ ಏಪ್ರಿಲ್‌ನಲ್ಲೂ ಅವನೇ. ಎದುರಿಗೆ ಬಂದವನ ಕೈ ಕುಲುಕದೆ ಅವನು ಒಂದು ಬೀದಿ ದಾಟಿದವನಲ್ಲ. ಸತ್ತವರ ಮನೆಯಲ್ಲಿ ಮೊದಲು ಕಾಣುವ ಮುಖ ಅವನದು, ಹುಟ್ಟಿದವರ ಮನೆಯಲ್ಲೂ ಅವನದೇ. ಐವತ್ತರ ಹತ್ತಿರ ಬಂದಿದ್ದರೂ ಮದುವೆಯಾಗಿರಲಿಲ್ಲ. ಅವನು ಊರನ್ನೇ ಮದುವೆಯಾಗಿದ್ದಾನೆ ಎಂದು ಜನ ಅನ್ನುತ್ತಿದ್ದರು. ಅವನಿಗೆ ಆ ಮಾತು ಹಿತವಾಗಿಯೇ ಇತ್ತು, ಒಂದು ಕಾಲದವರೆಗೆ.

ಸೋಮವಾರ ಬೆಳಿಗ್ಗೆ ಊರಿನ ಸಣ್ಣಪುಟ್ಟ ತಪ್ಪುಗಳಿಗೆ ಅವನೇ ನ್ಯಾಯಾಧೀಶ. ಬೆಂಕಿ ಆರಿಸುವ ಬಂಡಿ ನಿಲ್ಲಿಸುವ ಕೊಟ್ಟಿಗೆಯ ಮೇಲೊಂದು ಕೋಣೆ, ಅದರಲ್ಲಿ ಒಂದು ಮೇಜು, ಒಂದು ಕಬ್ಬಿಣದ ಒಲೆ, ಉಗುಳುವ ಪಾತ್ರೆ. ವಾರವಿಡೀ ಜಗಳ ಆಡಿದವರು, ಕುಡಿದವರು, ಬೇಲಿ ಮುರಿದವರು ಅಲ್ಲಿಗೆ ಬರಬೇಕು. ಆ ಅಕ್ಟೋಬರ್ ಸೋಮವಾರ ಮೊದಲು ಬಂದವನು ಜೂಡ್ ಸ್ಪೆನ್ಸ್. ಊರಿನಲ್ಲಿ ಅವನಷ್ಟು ಮೀನು ಹಿಡಿಯಲು ಹೋದವನೂ ಇರಲಿಲ್ಲ, ಅವನಷ್ಟು ಕಡಿಮೆ ಮೀನು ತಂದವನೂ ಇರಲಿಲ್ಲ.

"ಏನಯ್ಯಾ ಜೂಡ್, ಮತ್ತೆ ಭಾನುವಾರಾನಾ?" ಎಂದ ಹೈರಮ್.

"ಭಾನುವಾರ ವಾರವಾರ ಬರತ್ತೆ ಸಾಹೇಬ್ರೆ, ನಾನೇನ್ ಮಾಡ್ಲಿ?"

"ಎಲ್ಲಿ ಕುಡಿದೆ?"

"ದೋಣೀಲಿ."

"ದೋಣಿ ಎಲ್ಲಿತ್ತು?"

"ನೀರಲ್ಲಿ. ದೋಣಿ ಇನ್ನೆಲ್ಲಿರತ್ತೆ?"

ಪೇದೆ ಮುಂದೆ ಬಂದ. "ಇವನ ಹಾಡು ಚರ್ಚಿನ ಒಳಗೂ ಕೇಳಿಸ್ತಿತ್ತು ಸಾಹೇಬ್ರೆ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿಬಿಟ್ರು."

"ಹಾಡು ಈ ಕಡೆ ಬಂದಿರಬಹುದು," ಎಂದ ಜೂಡ್, "ಹಾಡಿದೋನು ಆ ಕಡೆ ಇದ್ದೆ. ಬೇಕಾದ್ರೆ ಹಾಡಿನ ಮೇಲೆ ಕೇಸ್ ಹಾಕ್ಲಿ."

ಕೋಣೆಯೆಲ್ಲ ನಕ್ಕಿತು. ಹೈರಮ್ ಕೂಡ ನಕ್ಕ. ಕೆಳಗಿನ ಕೇರಿಯ ಓಟುಗಳೆಲ್ಲ ಜೂಡ್‌ನ ನೆಂಟರವು, ಅವನನ್ನು ಬಿಟ್ಟುಬಿಡುವುದು ಬುದ್ಧಿವಂತಿಕೆ. "ಹೋಗಯ್ಯಾ ಮನೆಗೆ," ಎಂದ. "ಹಗ್ಗ ಬಿಚ್ಚಿದ ಮೇಲೆ ನನ್ನ ಮಾತು ಎಲ್ಲಿ ನಡೆಯತ್ತೆ? ನೀರಿನ ಮೇಲೆ ಈ ಮೇಯರ್ ಏನು ಹೇಳಿದ್ರೂ ಗಾಳಿಗೆ ಹೇಳಿದ ಹಾಗೆ."

ಹೇಳಿದವನು ಹಾಗೇ ಕುಳಿತ. ಜೂಡ್ ಟೋಪಿ ಎತ್ತಿ ಹೊರಗೆ ಹೋದದ್ದು, ಪೇದೆ ಮುಂದಿನವರನ್ನು ಕರೆದದ್ದು ಅವನಿಗೆ ಕೇಳಿಸಲಿಲ್ಲ. ತನ್ನ ಬಾಯಿಂದ ಬಂದ ಮಾತೇ ತಿರುಗಿ ಬಂದು ಅವನ ಎದೆಗೆ ಬಡಿದಿತ್ತು. ಜೂನ್ ತಿಂಗಳಲ್ಲಿ, ಇದೇ ನದಿಯ ನಟ್ಟನಡುವೆ, ಒಂದು ಉಗಿದೋಣಿಯ ಮೇಲೆ ನಿಂತು, ಅವನು ಒಂದು ಮದುವೆ ಮಾಡಿಸಿದ್ದ.

ಆ ಮದುವೆಯ ಹೆಣ್ಣು ಲೊವೀನಾ ಪಿಕೆಟ್.

ಅವಳ ವಿಷಯ ಹೇಳದೆ ಹೈರಮ್‌ನ ವಿಷಯ ಹೇಳಿದರೆ ಅರ್ಧವೇ ಹೇಳಿದ ಹಾಗೆ. ಲೊವೀನಾಳದು ಕೆಳಗಿನ ಕೇರಿಯಲ್ಲಿ ಹೆಂಗಸರ ಟೋಪಿಯ ಅಂಗಡಿ. ಒಣಹುಲ್ಲಿನ ಟೋಪಿಗೆ ಒಂದು ರಿಬ್ಬನ್ನು, ಒಂದು ಬಟ್ಟೆಯ ಹೂವು ಇಟ್ಟು ಅವಳು ಕೈ ತೆಗೆದರೆ ಮೇಲಿನ ಕೇರಿಯ ಬಿಗುಮಾನದ ಹೆಂಗಸರೂ ಕನ್ನಡಿ ಮುಂದೆ ನಿಂತು ಒಂದು ಗಳಿಗೆ ಹುಡುಗಿಯರಾಗುತ್ತಿದ್ದರು. ಅವರಿಗೆ ಅವಳ ಟೋಪಿ ಬೇಕಿತ್ತು, ಅವಳು ಬೇಕಿರಲಿಲ್ಲ, ಏಕೆಂದರೆ ಅವಳ ಅಪ್ಪ ಹೆಂಡದಂಗಡಿ ಇಟ್ಟವನು. ಮೇಲಿನ ಕೇರಿ ಕುಡಿತದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಮೆಥಡಿಸ್ಟ್ ಪಂಥದವರದು. ಅವರ ಓಟಿಲ್ಲದೆ ಯಾರೂ ಮೇಯರ್ ಆಗುವ ಹಾಗಿರಲಿಲ್ಲ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೈರಮ್ ಅಲ್ಲಿಗೆ ಹೋಗುತ್ತಿದ್ದ. ಅವನ ಭಾಷಣಗಳನ್ನು ಮೊದಲು ಕೇಳುತ್ತಿದ್ದವಳು ಅವಳೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೇಳುತ್ತಿದ್ದಳು. ಬೇಡದ ಮಾತು ಬಂದರೆ ತಲೆ ಅಲ್ಲಾಡಿಸುತ್ತಿದ್ದಳು. ಅವಳು ಅಲ್ಲಾಡಿಸಿದ ಮಾತನ್ನು ಅವನು ಬಿಡುತ್ತಿದ್ದ, ಗೆಲ್ಲುತ್ತಿದ್ದ. ಮದುವೆಯ ಮಾತನ್ನು ಅವನೇ ಎತ್ತಿದ್ದು. ಮುಂದಕ್ಕೆ ಹಾಕಿದ್ದೂ ಅವನೇ.

"ಈ ಚುನಾವಣೆ ಒಂದು ಮುಗೀಲಿ ಲೊವೀನಾ," ಅನ್ನುತ್ತಿದ್ದ.

"ಮುಗೀಲಿ," ಅನ್ನುತ್ತಿದ್ದಳು.

ಚುನಾವಣೆ ಮುಗಿಯುತ್ತಿತ್ತು, ಮುಂದಿನದು ಬರುತ್ತಿತ್ತು. ಹಿಟ್ಟಿನ ಗಿರಣಿಯ ಲಡ್ಲೋ ಪ್ರತಿ ಸಲವೂ ಎದುರು ನಿಲ್ಲುತ್ತಿದ್ದ, ಪ್ರತಿ ಸಲವೂ ಇನ್ನಷ್ಟು ಹತ್ತಿರಕ್ಕೆ ಬರುತ್ತಿದ್ದ. ಲೊವೀನಾಳ ಕಣ್ಣಂಚಿಗೆ ಸಣ್ಣ ಗೆರೆಗಳು ಬಂದವು. ಅವಳು 'ಮುಗೀಲಿ' ಅನ್ನುವುದನ್ನು ಯಾವ ವರ್ಷ ನಿಲ್ಲಿಸಿದಳೋ ಹೈರಮ್ ಗಮನಿಸಲಿಲ್ಲ. ಊರಿನವರೆಲ್ಲರ ಮುಖ ಓದುತ್ತಿದ್ದ ಮನುಷ್ಯ ಇದೊಂದು ಮುಖ ಓದಲಿಲ್ಲ.

ಕಡವಿನ ಉಗಿದೋಣಿ ನಡೆಸುವ ಕ್ಯಾಪ್ಟನ್ ಏಸಾ ಬ್ರೂಟನ್ ಹೆಂಡತಿ ಸತ್ತವನು. ದಪ್ಪ ಕುತ್ತಿಗೆ, ದೊಡ್ಡ ನಗು, ಓದು ಬರಹ ಅಷ್ಟಕ್ಕಷ್ಟೆ. ತಂಗಿಗೆಂದು ಟೋಪಿ ಕೊಳ್ಳಲು ಒಂದು ಮಧ್ಯಾಹ್ನ ಅಂಗಡಿಗೆ ಬಂದವನು ಟೋಪಿ ಕೊಳ್ಳಲಿಲ್ಲ. "ನಂಗೆ ಸುತ್ತಿ ಬಳಸಿ ಮಾತಾಡೋಕ್ ಬರಲ್ಲ," ಎಂದು ಅಲ್ಲೇ ಕೇಳಿಬಿಟ್ಟ. ಅವಳು ಒಂದು ವಾರ ಸಮಯ ಕೇಳಿದಳಂತೆ. ಆ ವಾರ ಹೈರಮ್ ದಿನವೂ ಅಂಗಡಿಗೆ ಹೋಗಿದ್ದ. ಏಪ್ರಿಲ್ ಹತ್ತಿರ ಬಂದಿತ್ತು, ಅವನು ಹಲಗೆ ಹಾಸಿದ ಕಾಲುದಾರಿಗಳ ವಿಷಯ ಮಾತನಾಡುತ್ತಿದ್ದ.

ಮದುವೆ ಜೂನ್‌ನಲ್ಲಿ ಗೊತ್ತಾಯಿತು. ಹೆಂಡದಂಗಡಿಯವನ ಮಗಳಿಗೆ ಮದುವೆ ಮಾಡಿಸಲು ಪಾದ್ರಿ ಮೂಗು ಮುರಿದ. ಹಾಗಿದ್ದರೆ ಮೇಯರೇ ಮಾಡಿಸಲಿ ಎಂದಳು ಲೊವೀನಾ, ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು. ದೋಣಿಯ ಮೇಲೆ, ನದಿಯ ನಡುವೆ ಆಗಬೇಕೆಂದೂ ಅವಳೇ ಹೇಳಿದಳಂತೆ. ಕ್ಯಾಪ್ಟನ್ ಕುಣಿದಾಡಿಬಿಟ್ಟ. ದೋಣಿಗೆ ಬಿಳಿ ಬಟ್ಟೆ ಸುತ್ತಿಸಿದ, ಪಿಟೀಲು ಬಾರಿಸುವವರನ್ನು ಕರೆಸಿದ, ಮೇಜಿನ ತುಂಬ ಕೇಕು, ಹೊಗೆ ಹಾಕಿದ ಹಂದಿ ತೊಡೆ, ಸೇಬಿನ ಪಾನಕ. ಕೆಳಗಿನ ಕೇರಿ ಪೂರ್ತಿ ದೋಣಿ ಹತ್ತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹೈರಮ್ ಆ ತುತ್ತನ್ನು ತನ್ನ ಕೈಯಾರೆ ಇನ್ನೊಬ್ಬನ ತಟ್ಟೆಗೆ ಬಡಿಸಲು ಹೋಗಿದ್ದ.

ಅವತ್ತು ಅವನ ಗಮನವೆಲ್ಲ ಒಂದೇ ಕಡೆ: ದನಿ ನಡುಗಬಾರದು. ಓಟು ಹಾಕುವವರು ನೋಡುತ್ತಿದ್ದರು. "ಈ ಮದುವೆ ಆಗಬಾರದೆನ್ನಲು ಯಾರಿಗಾದರೂ ಕಾರಣ ತಿಳಿದಿದ್ದರೆ ಈಗಲೇ ಹೇಳಲಿ, ಇಲ್ಲವಾದರೆ ಎಂದೆಂದಿಗೂ ಸುಮ್ಮನಿರಲಿ" ಎಂದು ಓದಿದಾಗ ಲೊವೀನಾ ತಲೆ ಎತ್ತಿ ಅವನ ಮುಖವನ್ನೇ ನೋಡಿದಳು. ನೀರಿನ ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡು ಅವನು ಮುಂದಿನ ಸಾಲಿಗೆ ಹೋದ. ದೋಣಿಯ ಸಿಳ್ಳೆ ಕೂಗಿತು. ಮದುವೆ ಮುಗಿಯಿತು.

ಈಗ ಅಕ್ಟೋಬರ್‌ನಲ್ಲಿ, ಜೂಡ್ ಸ್ಪೆನ್ಸ್‌ನ ದಯೆಯಿಂದ, ಆ ಮದುವೆ ಮುಗಿದೇ ಇಲ್ಲ ಎಂದು ಅವನಿಗೆ ತಿಳಿಯಿತು. ಹಗ್ಗ ಬಿಚ್ಚಿತ್ತು. ಅವನ ಮಾತು ಅಲ್ಲಿ ನಡೆಯುವಂತಿರಲಿಲ್ಲ. ಹುಟ್ಟಿದಾಗಿನಿಂದ ಆ ಗಾದೆ ಹೇಳಿಕೊಂಡು ನಗುತ್ತಿದ್ದ ಕೇರಿಗೆ ಕೇರಿಯೇ ದೋಣಿಯ ಮೇಲೆ ನಿಂತು ಕೇಕು ತಿಂದಿತ್ತು, ಒಬ್ಬರಿಗೂ ಹೊಳೆದಿರಲಿಲ್ಲ. ಗಾದೆ ಕುಡಿತಕ್ಕೆ ಸೇರಿದ್ದು, ಮದುವೆಗೆ ಅದನ್ನು ಯಾರು ತಾಳೆ ಹಾಕುತ್ತಾರೆ?

ತಕ್ಷಣ ಹೋಗಿ ಹೇಳಬೇಕಿತ್ತು. ಹೈರಮ್ ಹೇಳಲಿಲ್ಲ.

ಮೊದಲ ದಿನ ಹೆದರಿಕೆಯಿಂದ ಹೇಳಲಿಲ್ಲ. ಊರು ನಗುತ್ತದೆ, ಲಡ್ಲೋ ಬಿಡುತ್ತಾನೆಯೇ? ತನ್ನ ಊರು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯದ ಮೇಯರ್ ಎಂದು ಬೀದಿ ಬೀದಿಯಲ್ಲಿ ಡಂಗುರ ಹೊಡೆಸುತ್ತಾನೆ. ಎರಡನೆಯ ದಿನಕ್ಕೆ ಆ ಹೆದರಿಕೆ ಬೇರೆ ಏನೋ ಆಗಿತ್ತು. ಲೊವೀನಾ ಯಾರ ಹೆಂಡತಿಯೂ ಅಲ್ಲ. ಈ ಮಾತನ್ನು ಅವನು ಹಾಸಿಗೆಯಿಂದ ಏಳುವಾಗ ಒಮ್ಮೆ ಅಂದುಕೊಂಡ, ಪೀಪಾಯಿಯ ಹಲಗೆ ಮುಟ್ಟಿ ನೋಡುವಾಗ ಒಮ್ಮೆ ಅಂದುಕೊಂಡ. ಚಳಿಗಾಲದಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವ ಸುಟ್ಟ ಆಲೂಗಡ್ಡೆಯ ಹಾಗೆ ಅದು ಅವನನ್ನು ಬೆಚ್ಚಗಿಟ್ಟಿತು.

ಅವನಿಗೆ ಅವಳು ಬೇಕಿತ್ತು. ಇಷ್ಟು ವರ್ಷ ಕೈಗೆಟಕುವ ಹಾಗೆ ಕೂತಿದ್ದಾಗ ಇಷ್ಟು ಬೇಕಾಗಿರಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇಂಥವರನ್ನು ನೋಡಿಯೇ. ಸಂಜೆಯಾದರೆ ಕಾಲು ತಾನಾಗಿ ಕೆಳಗಿನ ಕೇರಿಯತ್ತ ಎಳೆಯುತ್ತಿತ್ತು. ಅಂಗಡಿಯ ಕಿಟಕಿಯಲ್ಲಿ ಅವಳು ತಲೆ ತಗ್ಗಿಸಿ ರಿಬ್ಬನ್ನು ಹೊಲಿಯುತ್ತಿದ್ದುದು ಕಾಣುತ್ತಿತ್ತು. ಬಾಯಲ್ಲಿ ಅದೇ ಗುಂಡುಸೂಜಿ. ಒಳಗೆ ಹೋಗಿ ಒಂದೇ ಒಂದು ಭಾಷಣ ಓದಿ ಹೇಳಿ, ಅವಳು ತಲೆ ಅಲ್ಲಾಡಿಸುವುದನ್ನು ನೋಡಿ ಬರಬೇಕೆಂದು ಅವನ ಜೀವ ಒದ್ದಾಡುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಬಾಗಿಲು ತಳ್ಳಿದ.

"ಬನ್ನಿ ಮೇಯರ್ರೇ," ಎಂದಳು. "ಯಾರಿಗೆ ಟೋಪಿ?"

'ನೀನು', 'ಹೈರಮ್' ಅನ್ನುತ್ತಿದ್ದವಳು ಈಗ 'ಬನ್ನಿ' ಅನ್ನುತ್ತಿದ್ದಳು. ಅವನು ತಂಗಿಗೆಂದು ಸುಳ್ಳು ಹೇಳಿ, ಇಲ್ಲದ ತಂಗಿಗೆ ಒಂದು ನೀಲಿ ಟೋಪಿ ಕೊಂಡು ಮನೆಗೆ ತಂದ. ಅದನ್ನು ಊಟದ ಮೇಜಿನ ಎದುರು ಕುರ್ಚಿಯ ಬೆನ್ನಿಗೆ ನೇತು ಹಾಕಿದ. ಚಳಿಗಾಲ ಪೂರ್ತಿ ಅದರ ಎದುರಿಗೆ ಕೂತು ಜೋಳದ ರೊಟ್ಟಿ ತಿಂದ.

ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಗೇನ್ಸ್ ಅವನಿಗೆ ಕ್ಷೌರ ಮಾಡುತ್ತಿದ್ದ. ಗೇನ್ಸ್‌ನ ಅಂಗಡಿ ಕಡವಿನ ಮೇಲಿನ ಬೀದಿಯಲ್ಲಿ. ಯುದ್ಧಕ್ಕೆ ಮೊದಲು ಕೆಂಟಕಿಯ ಒಡೆಯನಿಂದ ತಪ್ಪಿಸಿಕೊಂಡು ಈ ನದಿಯನ್ನು ಈಜಿ, ಉತ್ತರಕ್ಕೆ ಓಡಿ, ಯುದ್ಧ ಮುಗಿದ ಮೇಲೆ ತಿರುಗಿ ಬಂದು ಇಲ್ಲಿ ಅಂಗಡಿ ಇಟ್ಟವನು. ಊರಿನ ಎಲ್ಲ ಕುತ್ತಿಗೆಗಳೂ ಅವನ ಕೈಕೆಳಗೆ ಬರುತ್ತಿದ್ದುದರಿಂದ ಊರಿನ ಸುದ್ದಿಯೂ ಅಲ್ಲಿಗೆ ಬರುತ್ತಿತ್ತು.

"ಒಂದು ಓಟು ಜಾಸ್ತಿ ಆಗ್ತಿದೆ ಸಾಹೇಬ್ರೆ," ಎಂದ ಗೇನ್ಸ್. "ಆದ್ರೆ ಕೈಗೆ ಸಿಗೋಕೆ ಇಪ್ಪತ್ತೊಂದು ವರ್ಷ ಕಾಯ್ಬೇಕು."

"ಯಾರದಯ್ಯಾ?"

"ಕ್ಯಾಪ್ಟನ್ ಬ್ರೂಟನ್ ಮನೇದು. ಲೊವೀನಮ್ಮೋರು ಬಸುರಿ. ಮೇ ತಿಂಗಳಂತೆ. ಕ್ಯಾಪ್ಟನ್ ನಿನ್ನೆ ಇದೇ ಕುರ್ಚೀಲಿ ಕೂತು ಮೂರು ಸಲ ಹೇಳಿದ್ರು. ಮೊದಲ ಹೆಂಡತೀಲಿ ಮಕ್ಕಳಾಗಿರಲಿಲ್ವಲ್ಲ, ಪಾಪ. ಅಲ್ಲಾಡಬೇಡಿ ಸಾಹೇಬ್ರೆ, ಕತ್ತಿ ಇದೆ."

ಹೈರಮ್ ಅಲ್ಲಾಡಿದ್ದ. ಗೇನ್ಸ್ ಕತ್ತಿ ಹಿಂದಕ್ಕೆ ತೆಗೆದು ಕನ್ನಡಿಯಲ್ಲಿ ಅವನ ಮುಖ ನೋಡಿದ.

"ಗೇನ್ಸ್, ಮದುವೆಯಾಗದವರಿಗೆ ಹುಟ್ಟಿದ ಮಗು ಅಂದ್ರೆ ಈ ಊರು ಹೇಗೆ ನೋಡತ್ತೆ?"

ಗೇನ್ಸ್ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜಿದ. "ನಮ್ಮಪ್ಪ ಅಮ್ಮನ ಮದುವೇನ ಯಾವ ಕಾನೂನೂ ಒಪ್ಪಿರ್ಲಿಲ್ಲ ಸಾಹೇಬ್ರೆ. ಗುಲಾಮರಿಗೆ ಮದುವೆ ಎಲ್ಲಿಂದ ಬರಬೇಕು? ಯುದ್ಧ ಮುಗಿದ ಮೇಲೆ ಇಬ್ಬರೂ ಹಲ್ಲಿಲ್ಲದ ಮುದುಕರಾಗಿದ್ರು. ಆದ್ರೂ ನಡ್ಕೊಂಡು ಹೋಗಿ ಕಚೇರೀಲಿ ಬರೆಸಿ ಬಂದ್ರು. ಯಾಕಮ್ಮಾ ಈ ವಯಸ್ಸಲ್ಲಿ ಅಂದ್ರೆ, ನಿನಗೋಸ್ಕರ ಕಣೋ ಅಂದ್ಲು. ನಂಗೆ ಆಗ ಮೂವತ್ತು ದಾಟಿತ್ತು. ಆದ್ರೂ ಅವತ್ತು ಅತ್ತೆ." ಅವನು ಬಿಸಿ ಬಟ್ಟೆಯಿಂದ ಹೈರಮ್‌ನ ಗಲ್ಲ ಒರೆಸಿದ. "ಯಾಕೆ ಕೇಳಿದ್ರಿ?"

"ಸುಮ್ನೆ," ಎಂದ ಹೈರಮ್.

ಅಂಗಡಿಯಿಂದ ಇಳಿದವನು ಕಾಲುದಾರಿಯ ಹಲಗೆಯ ಮೇಲೆ ನಿಂತುಕೊಂಡ. ಹಳೆಯ ಅಭ್ಯಾಸದಂತೆ ಮೊದಲು ನಾಲಿಗೆಗೆ ಬಂದದ್ದು ಒಂದೇ ಮಾತು: ಈ ಚುನಾವಣೆ ಒಂದು ಮುಗೀಲಿ. ಏಪ್ರಿಲ್‌ನಲ್ಲಿ ಚುನಾವಣೆ, ಮೇನಲ್ಲಿ ಮಗು. ಲೆಕ್ಕ ಸರಿಯಾಗಿಯೇ ಕೂಡಿಬರುತ್ತಿತ್ತು, ನಡುವೆ ಕೆಲವು ವಾರ ಸಿಗುತ್ತಿತ್ತು. ಆ ಮಾತು ತನ್ನ ಕಿವಿಗೆ ಬಿದ್ದಾಗ ಹೈರಮ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗು ಬೇಗ ಬಂದರೆ? ಕ್ಯಾಪ್ಟನ್ನನ ದೋಣಿ ಸಿಡಿದರೆ? ಒಹಾಯೊದಲ್ಲಿ ಉಗಿದೋಣಿ ಸಿಡಿಯದ ವರ್ಷ ಯಾವುದಿತ್ತು? ಅವನು ಟೋಪಿ ಸರಿಮಾಡಿಕೊಂಡು, ಎದುರಿಗೆ ಬಂದ ಇಬ್ಬರ ಕೈ ಕುಲುಕದೆ, ನೇರ ಕೆಳಗಿನ ಕೇರಿಗೆ ನಡೆದ. ಆ ಇಬ್ಬರೂ ನಿಂತು ಅವನ ಬೆನ್ನು ನೋಡಿದರು.

ಲೊವೀನಾ ಅಂಗಡಿಯ ಒಲೆಗೆ ಸೌದೆ ಹಾಕುತ್ತಿದ್ದಳು. ಬಾಗಲು ಕಷ್ಟಪಡುತ್ತಿದ್ದಳು. ಹೈರಮ್ ಅವಳ ಕೈಯಿಂದ ಸೌದೆ ತೆಗೆದುಕೊಂಡು ತಾನೇ ಹಾಕಿ, ಬಾಗಿಲು ಮುಚ್ಚಿ, ನಿಂತೇ ಹೇಳಿದ. ಭಾಷಣ ಮಾಡಲಿಲ್ಲ. ದೋಣಿ ನದಿಯ ನಡುವೆ ಇತ್ತು, ನದಿ ನಮ್ಮದಲ್ಲ, ಅಲ್ಲಿ ನಾನು ಮೇಯರ್ ಅಲ್ಲ, ಆದ್ದರಿಂದ ಆ ಮದುವೆ ಮದುವೆಯಲ್ಲ. ತಪ್ಪು ನನ್ನದು. ಮಗು ಬರುವ ಮೊದಲು ಇನ್ನೊಂದು ಸಲ ಮಾಡಿಸಬೇಕು, ಒಣನೆಲದ ಮೇಲೆ.

ಲೊವೀನಾ ಬಾಯಿಂದ ಗುಂಡುಸೂಜಿ ತೆಗೆದು ಮೆತ್ತೆಗೆ ಚುಚ್ಚಿದಳು. ಅವಳ ಮುಖದಲ್ಲಿ ಗಾಬರಿ ಕಾಣಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

"ಅಕ್ಟೋಬರಲ್ಲಿ."

"ಅಕ್ಟೋಬರಿಂದ ಬಾಯಿ ಮುಚ್ಕೊಂಡಿದ್ರಾ?"

"ಹೌದು."

"ಯಾಕೆ? ಚುನಾವಣೆಗಾ?"

"ಅದೂ ಇತ್ತು." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಅದಕ್ಕಿಂತ ಜಾಸ್ತಿ... ನೀನು ಯಾರ ಹೆಂಡತೀನೂ ಅಲ್ಲ ಅಂದ್ಕೊಂಡು ಮಲಗೋದೇ ಒಂದು ಸುಖವಾಗಿತ್ತು ಲೊವೀನಾ. ನನಗೆ ಬೇರೆ ಏನೂ ಉಳಿದಿರ್ಲಿಲ್ಲ."

ಲೊವೀನಾ ಸ್ಟೂಲಿನ ಮೇಲೆ ಕೂತಳು. ಒಲೆಯಲ್ಲಿ ಸೌದೆ ಚಟಚಟ ಅಂದಿತು. ಅವಳು ಮಾತನಾಡಿದಾಗ ಅದು ಹಳೆಯ ಲೊವೀನಾಳ ದನಿ.

"ನಾನು ಹೆಂಡದಂಗಡಿಯವನ ಮಗಳು ಹೈರಮ್. ಹಗ್ಗ ಬಿಚ್ಚಿದರೆ ಕೆಂಟಕಿ ಅನ್ನೋ ಮಾತಿಂದಲೇ ನಮ್ಮಪ್ಪ ಭಾನುವಾರದ ಅನ್ನ ತಿಂದಿದ್ದು. ಆ ಗೆರೆ ಎಲ್ಲಿದೆ ಅಂತ ನನಗೆ ಗೊತ್ತಿರಲ್ವಾ?"

ಹೈರಮ್ ಅರ್ಥವಾಗದೆ ಅವಳನ್ನು ನೋಡಿದ.

"ನದಿ ನಡುವೆ ಆಗ್ಲಿ ಅಂತ ಹೇಳಿದ್ದು ನಾನು. ನೀನೇ ಮಾಡಿಸ್ಬೇಕು ಅಂತ ಹೇಳಿದ್ದೂ ನಾನೇ. ಪಾದ್ರಿ ಬರ್ತೀನಿ ಅಂದಿದ್ರೂ ಬೇಡ ಅಂತಿದ್ದೆ. ಇಷ್ಟು ವರ್ಷ ಬಾಯಿ ಬಿಡದೋನಿಗೆ ಒಂದು ದಾರಿ ಮಾಡಿಕೊಟ್ಟೆ. ನೀನು ನಿನ್ನ ಮನಸ್ಸು ಹೇಳೋದೂ ಬೇಡ ಹೈರಮ್. ಇಲ್ಲಿ ಮಾಡಿಸೋಕೆ ನನಗೆ ಅಧಿಕಾರ ಇಲ್ಲ, ದೋಣಿ ತಿರುಗಿಸಿ ಅಂದಿದ್ರೆ ಸಾಕಿತ್ತು. ಕಾನೂನಿನ ಹಿಂದೆ ಬಚ್ಚಿಟ್ಕೊಂಡಾದ್ರೂ ತಡೀತೀಯ ಅಂದ್ಕೊಂಡೆ. ತಡೆದಿದ್ರೆ ನಾನು ಬಂದುಬಿಡ್ತಿದ್ದೆ. ಬಿಳಿ ಉಡುಪಲ್ಲೇ, ಎಲ್ಲರ ಎದುರಿಗೇ." ಅವಳು ನಕ್ಕಳು, ಆದರೆ ಅದು ನಗುವಿನ ದನಿಯಾಗಿರಲಿಲ್ಲ. "ಯಾರಿಗಾದ್ರೂ ಕಾರಣ ತಿಳಿದಿದ್ರೆ ಹೇಳ್ಲಿ ಅಂತ ನೀನೇ ಓದಿದೆ. ನಾನು ತಲೆ ಎತ್ತಿ ನೋಡಿದೆ. ನೀನು ಮುಂದಿನ ಸಾಲು ಓದಿದೆ. ಒಂದು ಪದ ತಪ್ಪಲಿಲ್ಲ."

ಹೈರಮ್ ಗೋಡೆಗೆ ಕೈ ಕೊಟ್ಟು ನಿಂತ. ನೀರಿನ ಬಿಸಿಲು ಎಂದುಕೊಂಡಿದ್ದ ಆ ನೋಟ ಈಗ ಮತ್ತೆ ಬಂದು ಎದುರಿಗೆ ನಿಂತಿತು. "ಈಗ?" ಎಂದ. ಕೇಳಬಾರದೆಂದು ಗೊತ್ತಿದ್ದೂ ಕೇಳಿದ.

"ಈಗ ಇಲ್ಲ ಹೈರಮ್." ಅವಳು ಮೆಲ್ಲಗೆ ಹೇಳಿದಳು, ಹುಣ್ಣಿಗೆ ಔಷಧಿ ಹಚ್ಚುವವರ ಹಾಗೆ. "ಅವತ್ತು ಸಂಜೆವರೆಗೂ ಕಡವಿನ ನೀರಂಚಲ್ಲಿ ನಿಂತು ನಿನಗೆ ಕಾದೆ. ಮನೆಗೆ ಹೋದಾಗ ನನ್ನ ಬೂಟು ಒದ್ದೆಯಾಗಿತ್ತು. ಏಸಾ ಅದನ್ನ ತಗೊಂಡು ಒಲೆ ಹತ್ರ ಇಟ್ಟು, ಒಣಗೋವರೆಗೂ ತಿರುಗಿಸಿ ತಿರುಗಿಸಿ ಇಡ್ತಾ ಕೂತಿದ್ದ. ಒಂದು ಮಾತೂ ಕೇಳ್ಲಿಲ್ಲ. ನಾನು ಅವನನ್ನ ಗಂಡ ಅಂತ ಒಪ್ಪಿದ್ದು ಅವಾಗ. ದೋಣಿ ಮೇಲಲ್ಲ. ಮೊದಲು ನಾಚಿಕೆಯಿಂದ ಸುಮ್ಮನಿದ್ದೆ. ಈಗ ಮಗು ಇದೆ. ಈ ವಾರ ನಾನೇ ನಿನ್ನ ಕಚೇರಿಗೆ ಬರೋಳಿದ್ದೆ. ನೀನೇ ಮೊದಲು ಬಂದೆ. ಒಂದು ಸಲವಾದ್ರೂ ನೀನು ಮೊದಲು ಬಂದೆ."

ಕ್ಯಾಪ್ಟನ್‌ಗೆ ಹೇಳಿದಾಗ ಅವನು ಮೊದಲು ಬಾಯಿ ತೆರೆದುಕೊಂಡು ನಿಂತ, ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. "ಏನೇ ಲೊವೀ, ಹಾಗಾದ್ರೆ ಇಷ್ಟು ದಿನ ನಾನು ಯಾರ ಮನೆ ಹೆಣ್ಣುಮಗಳಿಗೆ ಸೌದೆ ಒಡೀತಿದ್ದೆ?" ಅವಳಿಗೆ ಅದು ಮೊದಲೇ ಗೊತ್ತಿತ್ತೆಂಬುದನ್ನು ಅವನಿಗೆ ಹೈರಮ್ ಹೇಳಲಿಲ್ಲ. ಕಚೇರಿಯ ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಮುಗಿಸಬಹುದಿತ್ತು, ಕ್ಯಾಪ್ಟನ್ ಅದಕ್ಕೂ ಒಪ್ಪಿದ್ದ. ಹೈರಮ್ ಒಪ್ಪಲಿಲ್ಲ. "ಕದ್ದು ಮಾಡಿದ್ರೆ ನಾಳೆ ಯಾರಾದ್ರೂ ಆ ಮಗೂನ ಬೀದೀಲಿ ನಿಲ್ಲಿಸಿ ಕೇಳ್ತಾರೆ," ಎಂದ. "ತಪ್ಪು ಮೇಯರಂದು ಅಂತ ಊರ ಮುಂದೆ ನಾನೇ ಹೇಳ್ತೀನಿ. ನಗೋದಾದ್ರೆ ನನ್ನನ್ನ ನೋಡಿ ನಗ್ಲಿ."

ಊರು ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾರ್ಚ್ ಮೊದಲ ಶನಿವಾರ ಕಡವಿನ ಕಲ್ಲುಹಾಸಿನ ಮೇಲೆ ಜನಜಾತ್ರೆಯೇ ಸೇರಿತ್ತು. ಮೇಲಿನ ಕೇರಿಯವರೂ ಬಂದಿದ್ದರು, ಮದುವೆಗಲ್ಲ, ಮೇಯರನನ್ನು ನೋಡಲು. "ಸಾಹೇಬ್ರೆ, ನಿಂತಿರೋ ಕಲ್ಲು ನಮ್ಮೂರಿಂದೇನಾ, ಸರಿಯಾಗಿ ನೋಡ್ಕೊಳಿ," ಎಂದು ಜೂಡ್ ಸ್ಪೆನ್ಸ್ ಕೂಗಿದ. ಲಡ್ಲೋ ನಗಲಿಲ್ಲ, ನಗುವವರ ಮುಖಗಳನ್ನು ಖುಷಿಯಿಂದ ನೋಡುತ್ತಾ ನಿಂತಿದ್ದ. ಏಪ್ರಿಲ್‌ನ ಕುರ್ಚಿ ತನ್ನ ಕೈಯಿಂದ ಜಾರುತ್ತಿದ್ದುದು ಹೈರಮ್‌ಗೆ ಅಲ್ಲೇ ಕಂಡಿತು. ಆಶ್ಚರ್ಯವೆಂದರೆ, ಅಷ್ಟೇನೂ ನೋವಾಗಲಿಲ್ಲ. ನೋವಿಗೆ ಅಲ್ಲಿ ಬೇರೆ ಕೆಲಸವಿತ್ತು.

ಲೊವೀನಾ ಬೂದುಬಣ್ಣದ ದಪ್ಪ ಶಾಲು ಹೊದ್ದು ಕ್ಯಾಪ್ಟನ್ನನ ತೋಳು ಹಿಡಿದು ನಿಂತಳು. ಹೈರಮ್ ತನ್ನ ತಪ್ಪನ್ನು ಊರಿಗೆಲ್ಲ ಕೇಳುವಂತೆ ಹೇಳಿ, ಪುಸ್ತಕ ತೆರೆದು ಓದತೊಡಗಿದ. ಆ ಸಾಲು ಬಂತು. ಈ ಮದುವೆ ಆಗಬಾರದೆನ್ನಲು ಯಾರಿಗಾದರೂ ಕಾರಣ ತಿಳಿದಿದ್ದರೆ ಈಗಲೇ ಹೇಳಲಿ. ಈ ಸಲ ಅವನು ಪುಸ್ತಕದಿಂದ ತಲೆ ಎತ್ತಿದ. ಲೊವೀನಾ ಅವನನ್ನೇ ನೋಡುತ್ತಿದ್ದಳು. ಕಾರಣ ಅವನಿಗೆ ತಿಳಿದಿತ್ತು. ಊರಿನಲ್ಲಿ ಅವನಿಗೂ ಅವಳಿಗೂ ಮಾತ್ರ ತಿಳಿದಿದ್ದ ಕಾರಣ. ನದಿಯ ನೀರು ಕಲ್ಲಿಗೆ ಬಡಿಯುವ ಸದ್ದಿನ ಹೊರತು ಏನೂ ಇರಲಿಲ್ಲ. ಜನ ಅವನು ಸಾಲು ಮರೆತನೆಂದುಕೊಂಡರು. ಗುಂಪಿನ ಅಂಚಿನಲ್ಲಿ ನಿಂತಿದ್ದ ಗೇನ್ಸ್ ಮಾತ್ರ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಲೊವೀನಾ ತಲೆ ಅಲ್ಲಾಡಿಸಿದಳು. ಅವನ ಭಾಷಣದಲ್ಲಿ ಬೇಡದ ಮಾತು ಬಂದಾಗ ಅಲ್ಲಾಡಿಸುತ್ತಿದ್ದ ಹಾಗೆ, ಯಾರಿಗೂ ಕಾಣದಷ್ಟು.

ಅವನು ಮುಂದಿನ ಸಾಲು ಓದಿದ.

ಎಲ್ಲ ಮುಗಿದ ಮೇಲೆ ಕ್ಯಾಪ್ಟನ್ ಬಂದು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಸಲ ದೊಡ್ಡ ನಗು ಇರಲಿಲ್ಲ. "ನಾನು ದಡ್ಡ ಇರಬಹುದು ಮೇಯರ್ರೇ, ಕುರುಡ ಅಲ್ಲ," ಎಂದ ತಗ್ಗಿದ ದನಿಯಲ್ಲಿ. "ನೀವು ತಡ ಮಾಡಿದ್ದಕ್ಕೆ ನಾನು ಸಾಯೋವರೆಗೂ ಋಣಿ." ಆಮೇಲೆ ಎಲ್ಲರಿಗೂ ಕೇಳುವಂತೆ, ಆಚೆ ದಡದ ತಂಗಿಯ ಮನೆಯಲ್ಲಿ ಊಟವಿದೆ, ಬರುವವರೆಲ್ಲ ದೋಣಿ ಹತ್ತಲಿ ಎಂದು ಕೂಗಿದ. ಜನ ನುಗ್ಗಿದರು. ಪಿಟೀಲು ಶುರುವಾಯಿತು.

"ಬಾ ಹೈರಮ್," ಎಂದಳು ಲೊವೀನಾ ಕಟಾಂಜನದ ಬಳಿ ನಿಂತು.

"ನಾನು ಇಲ್ಲೇ ಇರ್ತೀನಿ," ಎಂದ. "ಅಲ್ಲಿ ನನ್ನ ಮಾತು ನಡೆಯಲ್ಲ."

ಜನ ಇನ್ನೊಮ್ಮೆ ನಕ್ಕರು. ಅವಳು ನಗಲಿಲ್ಲ.

"ಹಾಗಾದ್ರೆ ಆ ಹಗ್ಗ ಬಿಚ್ಚಿಕೊಡಿ ಮೇಯರ್ರೇ," ಎಂದು ಕ್ಯಾಪ್ಟನ್ ಮೇಲಿನಿಂದ ಕೂಗಿದ.

ಹೈರಮ್ ಕಂಬದ ಬಳಿ ಬಗ್ಗಿದ. ಹಗ್ಗ ಒದ್ದೆಯಾಗಿತ್ತು, ಗಂಟು ಬಿಗಿಯಾಗಿತ್ತು, ಬೆರಳು ಚಳಿಗೆ ಮರಗಟ್ಟಿದ್ದವು. ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಬಿಚ್ಚಿದ ಮೇಲೂ ಅವನು ತುದಿಯನ್ನು ಒಂದು ಕ್ಷಣ ಕೈಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ದೋಣಿಯ ಕಡೆಗೆ ಎಸೆದ.